ಎಡಗಾಲಿಗೆ ಕಚ್ಚದ ಸ್ಯಾಂಡಲ್

೨೦೦೬ ನವೆಂಬರ್ ೩, ಶುಕ್ರವಾರ. ಬೆಳಿಗ್ಗೆ ೭

ಎಂದಿನಂತೆ ತೋಟಕ್ಕೆ ಒಂದು ಸುತ್ತು. ಬರಿಗಾಲು. ಬಂದು ಕೂತ ಮೇಲೆ ಯಮುನ ಕೂಗಿದಳು— "ಅಯ್ಯೋ, ನೆಲದ ಮೇಲೆ ಎಂಥದು ಇದು ರಕ್ತ?" ನೋಡಿದರೆ ನನ್ನದೇ. ಎಡಗಾಲಿನ ಅಡಿಯಲ್ಲಿ ಅರ್ಧ ಬೆರಳುದ್ದದ ಮುಳ್ಳು. ಗೊತ್ತೇ ಆಗಿರಲಿಲ್ಲ.

"ನನ್ನ ಕಾಲು ತಾಗಿ ಮುಳ್ಳಿಗೇ ನೋವಾಗಿರ್ತದೆ ಬಿಡು" ಎಂದೆ. ಹೆಂಡತಿ ನಗಲಿಲ್ಲ.

ಕಳೆದ ತಿಂಗಳು ಕೊಪ್ಪದಲ್ಲಿ ಡಾಕ್ಟರು ಎರಡೂ ಪಾದಕ್ಕೆ ಪಿನ್ನು ಚುಚ್ಚಿ ನೋಡಿದ್ದರು. ಬಲಗಾಲು ಹಾರಿತು. ಎಡಗಾಲು ಸುಮ್ಮನಿತ್ತು. ಶುಗರ್ ಅಂತೆ. "ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ. ಗಾಯ ಮಾಡಿಕೊಂಡರೆ ಬೆರಳು ಉಳಿಯೋದು ಕಷ್ಟ." ಯಾರಿಗೂ ಹೇಳಿಲ್ಲ. ಮಾತ್ರೆ ಎಲೆಅಡಿಕೆ ಡಬ್ಬಿಯ ತಳದಲ್ಲಿದೆ.

ನವೆಂಬರ್ ೫, ಭಾನುವಾರ

ಶೃಂಗೇರಿಯಿಂದ ಅಕ್ಕನ ಮಗಳು ಗಗನಾ ಬಂದಿದ್ದಳು. ಬಿ.ಎಸ್ಸಿ. ಓದುವ ಹುಡುಗಿ. ಹತ್ತೊಂಬತ್ತನೇ ತಾರೀಕು ಕಾಲೇಜಿನ ಹನ್ನೊಂದು ಜನ ನರಸಿಂಹ ಪರ್ವತ ಹತ್ತುತ್ತಾರಂತೆ. ಅವರ ಮೇಷ್ಟ್ರು ಫಾರೆಸ್ಟಿನವರ ಪರ್ಮಿಷನ್ ತೆಗೆದಾಗಿದೆ.

"ಗೈಡ್ ನೀವೇ ಮಾವ. ಇಪ್ಪತ್ತೆರಡು ಸಲ ಬರಿಗಾಲಲ್ಲಿ ಹತ್ತಿದೀರಿ ಅಂತ ಎಲ್ಲರ ಹತ್ರ ಹೇಳಿದೀನಿ."

ಇಪ್ಪತ್ತೆರಡು... ಆ ಲೆಕ್ಕ ನಾನೇ ಕೊಟ್ಟದ್ದು. ಅವಳ ಅಣ್ಣನ ಮದುವೆ ಊಟದ ಪಂಕ್ತಿಯಲ್ಲಿ, ಹೋಳಿಗೆ ಬರುವುದು ತಡವಾದಾಗ. ನಿಜ ಹೇಳಬೇಕೆಂದರೆ ಒಂದೇ ಸಲ. ಏಳನೇ ಕ್ಲಾಸಿನಲ್ಲಿ. ಅದಕ್ಕೆ ಸಾಕ್ಷಿ ಬೆಟ್ಟದ ಬುಡದ ಕಿಗ್ಗದ ವಾಸಪ್ಪ ಒಬ್ಬನೇ, ಜೊತೆಗೆ ಓದಿದವನು. ಇಳಿಯುವಾಗ ನಾನು ಅತ್ತದ್ದೂ ಅವನಿಗೆ ಗೊತ್ತು.

"ಹತ್ತೊಂಬತ್ತಕ್ಕೆ ನಾನು ರೆಡಿ" ಎಂದು ಹೇಳಿಬಿಟ್ಟೆ. ಈ ಬಾಯಿಗೆ ಬೀಗ ಎಲ್ಲಿ ಸಿಗುತ್ತದೆ?

ನವೆಂಬರ್ ೬

ಬರಿಗಾಲು ಆಗದು. ಶೂ? ಅದರೊಳಗೆ ಉಂಬಳ ಹೊಕ್ಕರೆ ಸಂಜೆ ಬಿಚ್ಚುವವರೆಗೂ ರಕ್ತ ಹೀರುತ್ತಾ ಕೂತಿರುತ್ತದೆ. ಬೇರೆಯವರಿಗಾದರೆ ತುರಿಸಿ ಗೊತ್ತಾಗುತ್ತದೆ. ನನ್ನ ಎಡಗಾಲಿಗೆ ಅದೂ ಇಲ್ಲ, ಕಣ್ಣಲ್ಲೇ ನೋಡಿ ಕೀಳಬೇಕು. ಹವಾಯಿ ಚಪ್ಪಲಿ ಮೊದಲನೇ ಹಳ್ಳಕ್ಕೇ ತೇಲಿಹೋಗುತ್ತದೆ. ಬೇಕಾದದ್ದು ಪಟ್ಟಿಪಟ್ಟಿಯ ಸ್ಯಾಂಡಲ್. ಹಗುರ ಇರಬೇಕು, ಹಿಮ್ಮಡಿಗೆ ಬೆಲ್ಟ್ ಇರಬೇಕು, ಅಡಿಗೆ ಹಲ್ಲಿರಬೇಕು.

ಬರಿಗಾಲಿನ ವೀರ ಸ್ಯಾಂಡಲ್ ಯಾಕೆ ಹಾಕಿದ ಎಂದು ಕೇಳಿದರೆ? "ಮಕ್ಕಳಿಗೆ ಮಾದರಿಯಾಗಲಿ ಅಂತ" ಎನ್ನುತ್ತೇನೆ. ಉತ್ತರ ಸಿದ್ಧ ಇದೆ.

ನವೆಂಬರ್ ೮, ಬುಧವಾರ

ಕೊಪ್ಪ. ಜಟ್ಟಪ್ಪನ ಚಪ್ಪಲಿ ಅಂಗಡಿ.

"ಏನ್ ರಂಗಪ್ಪಣ್ಣ, ನಿಮ್ಮ ಪಾದ ನಮ್ಮ ಅಂಗಡಿಗೂ ಬಂತಲ್ಲ!"

"ಹರಟೆ ಆಮೇಲೆ. ಬೆಟ್ಟ ಹತ್ತೋ ಸ್ಯಾಂಡಲ್ ತೋರ್ಸು."

ಮೊದಲನೆಯದು ಚರ್ಮದ್ದು. ನೆನೆದರೆ ಕೊಳೆತ ಬಾಳೆಸಿಪ್ಪೆ. ಎರಡನೆಯದರ ಅಡಿ ಲಾರಿ ಟಯರಿನಷ್ಟು ದಪ್ಪ. ಮೂರನೆಯದು ಕಪ್ಪು ನೈಲಾನ್, ಮೂರು ಪಟ್ಟಿ, ಪರ್‍ರ್ ಎಂದು ಕಿತ್ತು ಅಂಟಿಸುವಂಥದ್ದು. ಕೈಯಲ್ಲಿ ತೂಗಿದೆ. ಒಣ ಸೋರೆಬುರುಡೆಯಷ್ಟು ಹಗುರ. ಜಟ್ಟಪ್ಪ ತಾನೇ ಕೂತು ಎಡಗಾಲಿಗೆ ಕಟ್ಟಿದ.

"ಕಚ್ತದಾ?"

"ಇಲ್ಲ."

ಇನ್ನೂ ಬಿಗಿದ. "ಈಗ?"

"ಇಲ್ಲ ಮಾರಾಯ, ಬೆಣ್ಣೆ ಇದ್ದಂಗಿದೆ."

ಬಿಚ್ಚಿದ. ಕಾಲಿನ ಮೇಲೆ ಮೂರು ಗೆರೆ, ಹಗ್ಗ ಬಿಗಿದ ಹಾಗೆ, ಒಳಗೆ ಇಳಿದಿದ್ದವು. ಜಟ್ಟಪ್ಪ ಕಾಲು ನೋಡಿದ, ನನ್ನ ಮುಖ ನೋಡಿದ.

"ಇದು ಸಣ್ಣ ಆಯ್ತಲ್ಲ ಅಣ್ಣ. ಪಟ್ಟಿ ಹಿಂಗೆ ಒತ್ತಿದ್ರೂ ಗೊತ್ತಾಗ್ಲಿಲ್ವ? ಬಲಗಾಲು ಕೊಡಿ, ಅಳತೆ ನೋಡಾಣ."

"ಬಸ್ ಬಂತು" ಎಂದೆ. ಬಸ್ಸು ಬಂದಿರಲಿಲ್ಲ. ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ನಿಂತೆ.

ನವೆಂಬರ್ ೯

ಉಪಾಯ ಸಿಕ್ಕಿತು! ನನ್ನ ತಲೆಯೇ ತಲೆ. ಅಜ್ಜ ಕಾಲಿನ ಉದ್ದಕ್ಕೆ ಕಡ್ಡಿ ಮುರಿದು ಸಂತೆಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ. ಚಪ್ಪಲಿ ಅದೇ ಅಳತೆಗೆ ಬರುತ್ತಿತ್ತು. ನಾನು ಕಡ್ಡಿಯಲ್ಲ, ಇಡೀ ಪಾದವನ್ನೇ ಕಳಿಸುತ್ತೇನೆ. ಬೆಳಿಗ್ಗೆ ಬಿದ್ದ ಹಸಿ ಅಡಿಕೆಹಾಳೆ ಹರಡಿ, ಮೇಲೆ ನಿಂತು, ಸುತ್ತ ಮಸಿಯಲ್ಲಿ ಗೆರೆ ಎಳೆದು, ಕತ್ತಿಯಲ್ಲಿ ಕತ್ತರಿಸಿದೆ. ಎಡ, ಬಲ ಎಂದು ಬರೆದೆ. ಮುದುರಬಾರದೆಂದು ಒಲೆಯ ಮೇಲಿನ ಅಟ್ಟದಲ್ಲಿ, ಬೆಲ್ಲದ ಡಬ್ಬಿಯ ಅಡಿಗೆ ಇಟ್ಟಿದ್ದೇನೆ. ಗಗನಾ ಬಂದಾಗ ಕೊಟ್ಟರೆ ಶೃಂಗೇರಿಯಲ್ಲಿ ತರುತ್ತಾಳೆ. ಯಾರೂ ಕಾಲು ಮುಟ್ಟುವಂತಿಲ್ಲ.

ನವೆಂಬರ್ ೧೬, ಗುರುವಾರ

ಬಂತು. ಅದೇ ಕಪ್ಪು, ಅದೇ ಮೂರು ಪಟ್ಟಿ. ಭಾನುವಾರ ಬಂದು ಒಯ್ದಿದ್ದ ಹಾಳೆಯನ್ನೂ ಗಗನಾ ವಾಪಸ್ ತಂದಿದ್ದಾಳೆ.

"ಅಂಗಡಿಯವ್ರು ನಗ್ತಿದ್ರು ಮಾವ. ನಿಮ್ಮ ಕಾಲು ಇಷ್ಟು ಚಿಕ್ಕದಾ?"

"ಹುಲಿ ಹೆಜ್ಜೆ ಆನೆ ಹೆಜ್ಜೆಗಿಂತ ಚಿಕ್ಕದೇ ಕಣೇ" ಎಂದೆ.

ಅವಳು ಹೋದ ಮೇಲೆ ಕಟ್ಟಿಕೊಂಡು ಗದ್ದೆ ಅಂಚಿನಲ್ಲಿ ಒಂದು ತಾಸು ನಡೆದೆ. ಬಲಗಾಲಿಗೆ ಸಿಕ್ಕಾಪಟ್ಟೆ ಕಚ್ಚುತ್ತದೆ. ಎಡಗಾಲಿಗೆ ಏನೂ ಇಲ್ಲ. ಬಲಗಾಲಿನದನ್ನು ಹೊಲಿದವನಿಗೆ ಕೆಲಸ ಬರುವುದಿಲ್ಲ. ಎಡಗಾಲಿನವನು ಬಹಳ ಒಳ್ಳೆಯ ಕೆಲಸಗಾರ.

ನವೆಂಬರ್ ೧೭, ಶುಕ್ರವಾರ. ಸಂಜೆ

ಇವತ್ತೂ ಒಂದು ತಾಸು ನಡೆದೆ. ಬಂದು ಬಲಗಾಲು ಉಜ್ಜಿಕೊಳ್ಳುತ್ತಾ ಕೂತಾಗ ಮೂಲೆಯಲ್ಲಿ ಆ ಹಾಳೆ ಕಂಡಿತು. ಸುಮ್ಮನೆ ಅದರ ಮೇಲೆ ಬಲಗಾಲಿಟ್ಟೆ. ಬೆರಳುಗಳು ಹೊರಗೆ. ಹಿಮ್ಮಡಿಯೂ ಹೊರಗೆ. ಒಂದು ಬೆರಳಿನಗಲ ಕಮ್ಮಿ.

ಹಸಿ ಹಾಳೆ! ಒಲೆಯ ಬಿಸಿಗೆ ಒಣಗಿ ಚಿಕ್ಕದಾಗಿದೆ. ಹುಟ್ಟಿದಾಗಿನಿಂದ ಹಾಳೆಯಲ್ಲೇ ಬೆಳೆದವನು ನಾನು. ಆಗ ಈ ಬುದ್ಧಿ ಎಲ್ಲಿ ಹೋಗಿತ್ತು? ಮೊದಲು ನಗು ಬಂತು. ಆಮೇಲೆ ಎಡದ ಹಾಳೆಯ ಮೇಲೆ ಎಡಗಾಲಿಟ್ಟೆ. ಅದೂ ಅಷ್ಟೇ ಕಮ್ಮಿ.

ಹಾಗಾದರೆ ಎಡಗಾಲಿಗೂ ಕಚ್ಚಬೇಕಿತ್ತು.

ಕಚ್ಚಿದೆ. ನನಗೆ ಗೊತ್ತಾಗಿಲ್ಲ.

ಕಾಲು ಎತ್ತಿ ನೋಡಲು ಧೈರ್ಯ ಬರುತ್ತಿಲ್ಲ. ಬೆಳಕಾದ ಮೇಲೆ ನೋಡೋಣ...

ನವೆಂಬರ್ ೧೮, ಶನಿವಾರ

ಯಮುನಳ ಕೈಗನ್ನಡಿ ಹಿಡಿದು ಹಿಮ್ಮಡಿ ನೋಡಿದೆ. ಎಂಟಾಣೆ ಅಗಲ ಚರ್ಮ ಇಲ್ಲ. ಸುತ್ತ ಕೆಂಪಗೆ ಊದಿದೆ. ಕನ್ನಡಿ ಕೈಜಾರಿ ಬಿತ್ತು, ಒಡೆಯಲಿಲ್ಲ. ಸದ್ದಿಗೆ ಅವಳು ಬಂದಳು. ಮುಚ್ಚಿಕೊಳ್ಳಲು ಹೊತ್ತಿರಲಿಲ್ಲ.

ಬೈಯುತ್ತಾಳೆಂದುಕೊಂಡೆ. ಬಿಸಿನೀರು ತಂದಳು. ತೊಳೆದಳು.

"ಎಲೆ ಡಬ್ಬಿಯಲ್ಲಿ ಮಾತ್ರೆ ಇಟ್ಕಂಡು ಯಾರ ಕಣ್ಣಿಗೆ ಮಣ್ಣು ಹಾಕ್ತೀರಿ? ಎಲೆ ಒರೆಸಿ ಇಡೋಳು ನಾನು."

"ಯಾಕೆ ಕೇಳ್ಲಿಲ್ಲ ಮತ್ತೆ?"

"ನೀವೇ ಹೇಳ್ತೀರಿ ಅಂತ ಕಾದೆ. ಇಪ್ಪತ್ತೆರಡು ಸಲದ ಕಥೆ ಎಷ್ಟು ಸಲ ಹೇಳಿದ್ರಿ! ಇದೊಂದು ಹೇಳಕ್ಕೆ ಆಗ್ಲಿಲ್ಲ."

ಬಟ್ಟೆ ಕಟ್ಟಿದಳು. ಸೋಮವಾರ ಡಾಕ್ಟರ ಹತ್ತಿರ ಎಂದೆ. "ಇವತ್ತೇ" ಎಂದಳು. ಮಧ್ಯಾಹ್ನ ಕೊಪ್ಪಕ್ಕೆ ಹೋಗಿಬಂದೆವು. ಇಂಜೆಕ್ಷನ್. "ಇನ್ನೆರಡು ದಿನ ಆ ಸ್ಯಾಂಡಲಿನಲ್ಲೇ ನಡೆದಿದ್ದರೆ ಏನಾಗುತ್ತಿತ್ತು ಅಂತ ನನ್ನನ್ನು ಕೇಳಬೇಡಿ" ಎಂದರು ಡಾಕ್ಟರು. ಬೆಟ್ಟದ ಸುದ್ದಿ ನಾನು ಎತ್ತಲಿಲ್ಲ. ಅವಳು ಎತ್ತಿದಳು. ಮತ್ತೆ ಬೈಸಿಕೊಂಡೆ.

ಸಂಜೆ ವಾಸಪ್ಪನಿಗೆ ಫೋನ್. ರಿಸೀವರ್ ಮೂರು ಸಲ ಎತ್ತಿ ಇಟ್ಟು, ನಾಲ್ಕನೇ ಸಲ ಮಾಡಿದೆ.

"ನಾಳೆ ಹನ್ನೊಂದು ಮಕ್ಕಳನ್ನ ಹತ್ತಿಸ್ತೀಯ?"

"ಎಂಥ ಮಾರಾಯ! ಇಪ್ಪತ್ತೆರಡು ಸಲ ಹತ್ತಿದೋನು ನನ್ನ ಕೇಳ್ತೀಯಲ್ಲ?"

ಕಿಗ್ಗಕ್ಕೂ ಸುದ್ದಿ ಮುಟ್ಟಿದೆ! ರಿಸೀವರ್ ಇನ್ನೊಂದು ಕಿವಿಗೆ ಬದಲಿಸಿದೆ.

"ಕಾಲು ಹ್ಯಾಂಗಿದ್ಯೋ?" ಎಂದ. ಕಾಲಿನ ವಿಷಯ ನಾನು ಹೇಳಿರಲೇ ಇಲ್ಲ. ಜಟ್ಟಪ್ಪ ಇವನ ಷಡ್ಡಕ ಎಂಬುದು ಆಗ ನೆನಪಾಯಿತು. "ದೇವಸ್ಥಾನದ ಹತ್ರ ಏಳಕ್ಕೆ ನಿಂತಿರ್ತೀನಿ, ಕಳ್ಸು."

ನವೆಂಬರ್ ೧೯, ಭಾನುವಾರ. ಬೆಳಿಗ್ಗೆ ೫.೪೦

ನನ್ನನ್ನು ಹತ್ತಿಸಿಕೊಳ್ಳಲು ಗಗನಾ ಜೀಪಿನಲ್ಲಿ ಬರುತ್ತಿದ್ದಾಳೆ. ಅವಳಿಗೆ ಇನ್ನೂ ಹೇಳಿಲ್ಲ. ರಾತ್ರಿಯೆಲ್ಲ ಸುಳ್ಳು ಹೊಸೆದೆ. ತೋಟಕ್ಕೆ ಕಾಡುಕೋಣ ಬಂತು ಎಂದರೆ? ಓಡಿಸುವಾಗ ಕಾಲು ಉಳುಕಿತು ಎಂದರೆ? ಚೆನ್ನಾಗಿದೆ. ಕೋಣದ ಕೊಂಬಿನ ಅಳತೆ ಕೂಡ ಯೋಚಿಸಿಟ್ಟಿದ್ದೇನೆ.

ನನ್ನ ಬಾಯಿ ನನಗೆ ಗೊತ್ತು. ಅವಳ ಮುಖ ಕಂಡ ಕೂಡಲೇ ಕೋಣ ಹೊರಡುತ್ತದೆ.

ಅದಕ್ಕೇ ಯಮುನಳನ್ನು ಕರೆದು ಗಾಯದ ಬಟ್ಟೆ ಬಿಚ್ಚಿಸಿದೆ. ಎಡಗಾಲನ್ನು ಬೆಂಚಿನ ಮೇಲೆ ಬಾಗಿಲಿನ ಕಡೆಗೆ ಚಾಚಿ ಕೂತಿದ್ದೇನೆ. ಪಕ್ಕದಲ್ಲಿ ಸ್ಯಾಂಡಲ್, ಅದರ ಮೇಲೆ ಹಾಳೆ. ಮೊದಲು ಇದು ಕಾಣಲಿ.

ಜೀಪು ನಿಂತಿತು. "ಇಪ್ಪತ್ತಮೂರನೇ ಸಲಕ್ಕೆ ರೆಡಿನಾ ಮಾವ?" ಅಂಗಳದಿಂದಲೇ ಕೂಗುತ್ತಿದ್ದಾಳೆ. ಇನ್ನೆರಡು ಮೆಟ್ಟಿಲು. ಕಾಲು ಎಳೆದುಕೊಳ್ಳಬೇಕು ಅನಿಸುತ್ತಿದೆ. ಎಳೆದುಕೊಳ್ಳುವುದಿಲ್ಲ. ಬಾಗಿಲಲ್ಲಿ ಅವಳ ನೆರಳು—