ದಾಕ್ಷಾಯಣಿಯ ಕರುಬುಗಣ್ಣು

ಗದಗ, ನೆರಳು ತಿಂಗಳ ಮೂವತ್ತೆರಡನೇ ದಿನ, ಇಸವಿ ೨೧೭೨

ನಿಮ್ಮ ಕಾಲದಲ್ಲಿ ಅರವತ್ತರ ಆಸುಪಾಸಿನಲ್ಲಿದ್ದು, ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಹಿರಿಯರಿಗೆ ಕಸ್ತೂರಿ ಅಂಗಡಿಯ ನಮಸ್ಕಾರಗಳು.

ತಾರೀಕು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ಬಿಸಿಲು ತಡೆಯಲಾರದಷ್ಟು ಏರಿದ ಮೇಲೆ ನಮ್ಮ ವರ್ಷಕ್ಕೆ ಹದಿಮೂರನೆಯ ತಿಂಗಳೊಂದು ಸೇರಿತು. ಉಳಿದ ತಿಂಗಳುಗಳಿಂದ ದಿನಗಳನ್ನು ಕಿತ್ತು ಇದಕ್ಕೆ ಕೊಟ್ಟಿದ್ದಾರೆ. ಈ ನೆರಳು ತಿಂಗಳಲ್ಲಿ ಹಗಲು ಯಾರೂ ಹೊರಗೆ ಕಾಲಿಡುವಂತಿಲ್ಲ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ನುಸುಳಿದರೆ ಕ್ಷಮಿಸಿ. ನೀವು ಹತ್ತು ಗಂಟೆಯ ಬಿಸಿಲಿನಲ್ಲಿ ತರಕಾರಿ ತರಲು ನಡೆದೇ ಹೋಗಬಹುದಿತ್ತಂತೆ, ಆದರೂ ಆಟೋ ಹತ್ತುತ್ತಿದ್ದಿರಂತೆ. ಓದಿದಾಗ ನನಗೆ ಮೈ ಉರಿಯಿತು. ನಾನು ಹೊಟ್ಟೆಕಿಚ್ಚಿನ ಹೆಂಗಸು. ಮುಂದೆ ಓದುವ ಮೊದಲು ಇದು ನಿಮಗೆ ತಿಳಿದಿರಲಿ.

ನಮ್ಮಲ್ಲಿ ಅರವತ್ತು ತುಂಬಿದವರಿಗೆ ಎರಡನೆಯ ಅಕ್ಷರಾಭ್ಯಾಸ ಮಾಡಿಸುತ್ತಾರೆ. ಗೊತ್ತಿರದ ಭಾಷೆಯೊಂದನ್ನು ಆರಿಸಿಕೊಂಡು, ತಟ್ಟೆಯ ಅಕ್ಕಿಯ ಮೇಲೆ ಅದರ ಮೊದಲ ಅಕ್ಷರ ಬರೆಯಬೇಕು. ಮೊಮ್ಮಕ್ಕಳು ಸುತ್ತ ಕೂತು ನಗುತ್ತಾರೆ. ಅಂದೇ ಕಿವಿ, ರಕ್ತದೊತ್ತಡ, ಸಕ್ಕರೆ ಎಲ್ಲವನ್ನೂ ನೋಡುತ್ತಾರೆ. ಕಿವಿ ಮಂದವಾದರೆ ಮಾತು ಕಡಿಮೆಯಾಗುತ್ತದೆ, ಮಾತು ಕಡಿಮೆಯಾದವರು ಮೂಲೆ ಸೇರುತ್ತಾರೆ ಎಂದು ನಮಗೆ ಚಿಕ್ಕಂದಿನಲ್ಲೇ ಹೇಳಿಕೊಡುತ್ತಾರೆ. ಸಂಜೆ ಬಿಸಿಲಿಳಿದ ಮೇಲೆ ಓಣಿಗೆ ಓಣಿಯೇ ನಡೆಯಲು ಹೊರಡುತ್ತದೆ. ಇಷ್ಟೆಲ್ಲ ಮಾಡಿದರೂ ಮರೆವಿನ ರೋಗ ಕೆಲವರಿಗೆ ಬಂದೇ ಬರುತ್ತದೆ. ಅದನ್ನು ಬೇರುಸಹಿತ ಕೀಳುವ ಮದ್ದು ನಮ್ಮಲ್ಲೂ ಇಲ್ಲ. ಬೇಗ ಹಿಡಿದರೆ ನಿಧಾನ ಮಾಡಬಲ್ಲೆವು, ಅಷ್ಟೇ. ಹಾಗಾಗಿ ಬೇಗ ಹಿಡಿಯುವುದಕ್ಕೆಂದೇ ಕರುಬುಗಣ್ಣು ಎಂಬ ಪದ್ಧತಿ ಬಂತು.

ಮೊದಲು ಈ ಕೆಲಸ ಮನೆಯವರದಾಗಿತ್ತು. ಮನೆಯವರು ಕೆಟ್ಟ ಕಾವಲುಗಾರರು. ಗಂಡನ ಬಾಯಿಗೆ ಹೆಸರು ಬರದಿದ್ದರೆ ಹೆಂಡತಿ ತಾನೇ ಹೇಳಿಬಿಡುತ್ತಾಳೆ. ತಾಯಿ ಒಲೆ ಆರಿಸದೆ ಹೋದರೆ ಮಗಳು ಸದ್ದಿಲ್ಲದೆ ಆರಿಸಿ, ವಯಸ್ಸಾಯ್ತಲ್ಲ ಎನ್ನುತ್ತಾಳೆ. ಹೀಗೆ ಮುಚ್ಚಿ ಮುಚ್ಚಿ ವರ್ಷಗಳು ಕಳೆದು ಹೋಗುತ್ತವೆ. ಆದ್ದರಿಂದ ಅರವತ್ತಾದವರು ಮನೆಯ ಹೊರಗಿನ ಒಬ್ಬರನ್ನು, ತಮ್ಮನ್ನು ಕಂಡರೆ ಆಗದವರನ್ನೇ, ಎಲ್ಲರೆದುರು ತಮ್ಮ ಕರುಬುಗಣ್ಣಾಗಿ ಆರಿಸಿಕೊಳ್ಳಬೇಕು. ಕರುಬುವವರ ಕಣ್ಣಿಗೆ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ.

ನನಗಿಂತ ಒಂದೆರಡು ವರ್ಷ ದೊಡ್ಡವಳಾದ ದಾಕ್ಷಾಯಣಿ ಹೊಸಮನಿ ಕಸೂತಿಯಲ್ಲಿ ಊರಿಗೇ ಮೊದಲಿಗಳು. ಪ್ರತಿ ನೆರಳು ತಿಂಗಳಲ್ಲಿ ಊರಿನ ಪರವಾಗಿ ಒಂದು ಇಳಕಲ್ ಸೀರೆಯ ಸೆರಗಿಗೆ ಕಸೂತಿ ಹಾಕುತ್ತಾರೆ. ಅದನ್ನು ಊರಸೆರಗು ಎನ್ನುತ್ತೇವೆ. ಅದು ಯಾವಾಗಲೂ ಅವಳದೇ. ಎರಡನೆಯವಳು ನಾನು. ಅವಳ ಕೂದಲು ನೋಡಿ ಉರಿದಿದ್ದೇನೆ, ನೋಯದ ಅವಳ ಮೊಣಕಾಲು ನೋಡಿಯೂ ಉರಿದಿದ್ದೇನೆ. ಅರವತ್ತಾದ ದಿನ ಅವಳು ತುಂಬಿದ ಸಭೆಯಲ್ಲಿ ನನ್ನತ್ತ ಕೈ ಮಾಡಿ, "ನನ್ನ ಮ್ಯಾಲೆ ಈಕಿಯಷ್ಟು ಹೊಟ್ಟಿಕಿಚ್ಚ ಪಡಾಕಿ ಈ ಊರಾಗ ಮತ್ತೊಬ್ಬಾಕಿ ಇಲ್ರಿ. ಈಕಿನ ಇರಲಿ," ಎಂದಳು. ಜನ ಬಿದ್ದು ಬಿದ್ದು ನಕ್ಕರು. ಅಕ್ಕಿಯ ಮೇಲೆ ಅವಳು ಬರೆದ ಒಡಿಯಾ ಅಕ್ಷರ ಕೂಡ ಅಚ್ಚಿನಂತಿತ್ತು.

ಈ ಸಲ ಊರಸೆರಗು ಅರ್ಧವಾದಾಗ ಎಂದಿನಂತೆ ನೋಡಲು ಹೋದೆ. ಗವಂತಿ ಹೊಲಿಗೆಯಲ್ಲಿ ಸೂಜಿ ನಡುನಡುವೆ ಜಾಗ ಬಿಟ್ಟು ಮುಂದೆ ಹೋಗಿ, ಅದೇ ದಾರಿಯಲ್ಲಿ ವಾಪಸು ಬಂದು ಬಿಟ್ಟ ಜಾಗ ತುಂಬುತ್ತದೆ. ಎಲ್ಲೂ ಗಂಟು ಹಾಕುವಂತಿಲ್ಲ, ಮುಂದೆಯೂ ಹಿಂದೆಯೂ ಬಟ್ಟೆ ಒಂದೇ ತರಹ ಕಾಣಬೇಕು. ಎಲ್ಲರೂ ಮುಂಭಾಗ ನೋಡಿ ಹೊಗಳಿ ಹೋಗುತ್ತಾರೆ. ನಾನು ಮಾತ್ರ ಯಾವತ್ತೂ ತಿರುವಿ ನೋಡುವವಳು. ಹಿಂದೆ ಗಂಟುಗಳಿದ್ದವು. ಮುಂಭಾಗದಲ್ಲೂ ಮೂಲೆಯ ಗೋಪುರದ ಚಿತ್ರವೊಂದರಲ್ಲಿ ಸೂಜಿ ಹೋಗಿತ್ತು, ವಾಪಸು ಬಂದಿರಲಿಲ್ಲ. ದಾರದ ಬಣ್ಣಗಳನ್ನು ಅವಳ ಮಗಳು ಸುಜ್ಞಾನಿಯೇ ಸರದಿ ಪ್ರಕಾರ ಎತ್ತಿ ಕೊಡುತ್ತಿದ್ದಳು. ದಾಕ್ಷಾಯಣಿಯ ಅರ್ಧ ಮಾತುಗಳನ್ನೂ ಅವಳೇ ಮುಗಿಸುತ್ತಿದ್ದಳು.

ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಕುಣಿಯುವಷ್ಟು ಸಂತೋಷ. ಸುಮ್ಮನಿದ್ದುಬಿಟ್ಟರೆ ಈ ಸೆರಗನ್ನು ಊರ ಮುಂದೆ ಬಿಚ್ಚುವಾಗ ಅವಳ ಮಾನ ತಾನಾಗಿಯೇ ಹೋಗುತ್ತಿತ್ತು. ಹೇಳಿದರೆ ಸೆರಗು ನನ್ನ ಕೈಗೆ ಬರುತ್ತಿತ್ತು, ಆದರೆ ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದಳೆಂದು ಊರು ಆಡಿಕೊಳ್ಳುತ್ತಿತ್ತು. ಸುಜ್ಞಾನಿ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು, "ಅವ್ವ ಚಲೋ ಅದಾಳ್ರೀ, ಕಣ್ಣ ಸ್ವಲ್ಪ ಮಂಜಾಗ್ಯಾವ ಅಷ್ಟ," ಎಂದು ಕೈ ಹಿಡಿದುಕೊಂಡಳು. ನಾನಿನ್ನೂ ಏನೂ ಕೇಳಿರಲಿಲ್ಲ. ಅವಳಿಗೆ ಎಲ್ಲ ಗೊತ್ತಿದೆ ಎಂದು ನನಗೆ ಆಗ ತಿಳಿಯಿತು. ಅವಳು ಹೀಗೆಯೇ ಮುಚ್ಚಿಡುತ್ತಾ ಹೋದರೆ ದಾಕ್ಷಾಯಣಿ ಸೂಜಿಯನ್ನೂ ಮರೆತು, ಕೊನೆಗೆ ನನ್ನನ್ನೂ ಮರೆಯುತ್ತಾಳೆ. ನನ್ನ ಜೀವಮಾನದ ಕಿಚ್ಚೆಲ್ಲ ನಾನು ಯಾರೆಂದೇ ತಿಳಿಯದವಳ ಮೇಲೆ ವ್ಯರ್ಥವಾಗುವುದು ನನಗೆ ಸಹಿಸಲಾಗಲಿಲ್ಲ. ಒಳಗೆ ಮರಳಿ, ಬಟ್ಟೆ ತಿರುವಿ ಅವಳ ತೊಡೆಯ ಮೇಲಿಟ್ಟೆ.

ಅವಳು ಬೆರಳಿನಿಂದ ಗಂಟುಗಳನ್ನು ಸವರುತ್ತಾ ಕೂತಳು. ಆಮೇಲೆ, "ಇದನ್ನ ನೋಡಬೇಕಂತ ಎಷ್ಟ ವರ್ಷದಿಂದ ಕಾದಿದ್ದಿ?" ಎಂದು ಕೇಳಿದಳು. ನಲವತ್ತು ಎಂದೆ. "ಹಂಗಾದ್ರ ಖರೇನ ಇರಬೇಕು. ನಡಿ," ಎಂದು ಎದ್ದಳು. ಮಗಳು ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ, ನನ್ನನ್ನು ನಂಬಿದಳು.

ಅರಿವಿನ ಮನೆಯಲ್ಲಿ, ಎಂದರೆ ನಮ್ಮ ಮರೆವಿನ ಆಸ್ಪತ್ರೆಯಲ್ಲಿ, ರೋಗ ಈಗಷ್ಟೇ ಕಾಲಿಟ್ಟಿದೆ ಎಂದರು. ಮಂದವಾದ ಕಿವಿಗೆ ಯಂತ್ರ ಕೊಟ್ಟರು, ಏರಿದ ರಕ್ತದೊತ್ತಡ ಇಳಿಸಿದರು. ಇನ್ನೂ ಹಲವು ವರ್ಷ ಅವಳು ಅವಳಾಗಿಯೇ ಇರಬಹುದಂತೆ. ಊರಸೆರಗು ನನಗೆ ಬಂದಿದೆ. ನೋಡಲು ಬಂದವರು ಮಾತ್ರ ಮೊದಲು ಅವಳ ಮನೆಗೆ ಹೋಗಿ, ಆಮೇಲೆ ನನ್ನಲ್ಲಿಗೆ ಬರುತ್ತಾರೆ. ಸಂಜೆ ನಡೆಯುವಾಗಲೂ ಅವಳೇ ಮುಂದೆ.

ಮುಂದಿನ ತಿಂಗಳು ನನಗೂ ಅರವತ್ತು. ಕಣ್ಣು ಯಾರೆಂದು ಸಭೆಯಲ್ಲಿ ಹೇಳಬೇಕು. ಓಣಿಯ ಮನೆಮನೆಗೂ ಹೋಗಿ ಕೇಳಿ ಬಂದೆ. ನನ್ನನ್ನು ಕಂಡು ಕರುಬುವವರು ಒಬ್ಬರೂ ಇಲ್ಲ. ಎಲ್ಲರೂ ಚಹಾ ಕೊಟ್ಟು ಕಳಿಸಿದರು. ರೋಗ ಬಂದವರು ಕಣ್ಣಾಗುವಂತಿಲ್ಲ ಎಂದು ಗೊತ್ತಿದ್ದೂ ದಾಕ್ಷಾಯಣಿಯನ್ನೇ ಕೇಳಿದೆ. ಅವಳು ನನ್ನ ಕೆನ್ನೆ ಹಿಡಿದು, "ನಿನ್ನ ಮ್ಯಾಲೆ ನನಗ ಯಾವತ್ತೂ ಪ್ರೀತೀನ ಇತ್ತಲ್ಲ," ಎಂದಳು. ಆ ಪ್ರೀತಿ ಕಟ್ಟಿಕೊಂಡು ನಾನೇನು ಮಾಡಲಿ?

ನಿಮ್ಮಲ್ಲಿ ಒಂದು ಕೋರಿಕೆ. ಆರೋಗ್ಯವಾಗಿರುವಾಗಲೇ, ನಿಮ್ಮನ್ನು ಕಂಡರೆ ಮೂತಿ ತಿರುವುವ ಒಬ್ಬರನ್ನು ಹುಡುಕಿಕೊಳ್ಳಿ. ನನ್ನಲ್ಲಿ ಏನಾದರೂ ಬದಲಾದರೆ ಮುಲಾಜಿಲ್ಲದೆ ಹೇಳು ಎಂದು ಅವರಿಗೆ ಈಗಲೇ ಹೇಳಿಡಿ. ನಿಮಗೆ ಇನ್ನೂ ಸಮಯವಿದೆ, ಅದಕ್ಕೂ ನಾನು ಕರುಬುತ್ತೇನೆ. ಆದರೆ ದಾಕ್ಷಾಯಣಿಯ ಮೇಲಿರುವಷ್ಟು ಕಿಚ್ಚು ನಿಮ್ಮ ಮೇಲಿಲ್ಲ. ಅವಳಿಗೆ ನಾನಿದ್ದೆ.

ಇಂತಿ,
ಕಸ್ತೂರಿ ಅಂಗಡಿ