ಟಗರಿನ ಕೊಂಬು

ಮಾರ್ಚ್ ೯, ಸೋಮವಾರ

ನನ್ನ ಮುದ್ದು ಅಕ್ಕಾ,

ಬೈಯಬೇಡ! ಮದುವೆಯಾಗಿ ಏಳು ವಾರವಾದರೂ ಒಂದು ಸಾಲು ಬರೆಯಲಿಲ್ಲ. ಸಾರಿ, ಸಾರಿ, ಸಾವಿರ ಸಲ ಸಾರಿ. ಹೇಗಿದ್ದೀಯ? ಹೊಟ್ಟೆಯೊಳಗಿನ ತುಂಟ ಮರಿ ಒದೆಯುತ್ತಿದೆಯೇ? ನನ್ನ ಕಾಲಂತೂ ನೆಲದ ಮೇಲೆ ನಿಲ್ಲುತ್ತಿಲ್ಲ. ತುತ್ತೂರಿಯ ತಗ್ಗನ್ನು ಬಡಿದು ನೇರ ಮಾಡುವಾಗ ನನ್ನವನು ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಾನೆ. ಅದನ್ನು ನೋಡುತ್ತ ನಿಂತು ಎರಡು ಸಲ ಹಾಲು ಉಕ್ಕಿಸಿದ್ದೇನೆ!

ಕೆಳಗೆ ವರ್ಕ್‌ಶಾಪು, ಮೇಲೆ ಮನೆ. ಮಾವ, ನನ್ನವನು ಇಬ್ಬರೂ ಬ್ಯಾಂಡಿನವರ ಹಿತ್ತಾಳೆ ವಾದ್ಯಗಳನ್ನು ರಿಪೇರಿ ಮಾಡುತ್ತಾರೆ. ಆದರೆ ವಿಚಿತ್ರ ಕೇಳು: ರಿಪೇರಿಯಾದದ್ದನ್ನು ಇಲ್ಲಿ ಯಾರೂ ಊದುವ ಹಾಗಿಲ್ಲ. ಎರಡು ಬೀದಿ ಆಚೆ ಹೊತ್ತೊಯ್ದು ಊದಿ ನೋಡಿ ಬರುತ್ತಾರೆ. ಕಾರಣ, ಮೇಲಿನ ಕೋಣೆಯಲ್ಲಿರುವ ನನ್ನ ನಾದಿನಿ. ಹನ್ನೊಂದನೆಯ ವಯಸ್ಸಿನಲ್ಲಿ ಜ್ವರ ಬಂದು ಅವಳ ಕಾಲಿನ ಬಲ ಹೋಯಿತು, ಈಗ ಇಪ್ಪತ್ತಮೂರು. ನಾವೂ ಭಾನುವಾರ ಚರ್ಚಿಗೆ ಹೋಗಿ ಬೆಳೆದವರೇ, ಆದರೆ ಇವರ ಹಾಗಲ್ಲ. ತುತ್ತೂರಿ ಮೊಳಗುತ್ತದೆ, ಕ್ರಿಸ್ತ ಮತ್ತೆ ಬಂದು ಸಾವಿರ ವರ್ಷ ಆಳುತ್ತಾನೆ, ಆಗ ಕುಂಟರು ಜಿಂಕೆಯಂತೆ ಜಿಗಿಯುತ್ತಾರೆ ಎನ್ನುವುದು ಇವರಿಗೆ ನಾಳೆ ಹಾಲಿನವನು ಬರುವಷ್ಟೇ ಖಚಿತ. ನಾದಿನಿಯ ಮಂಚದ ಕೆಳಗೆ ಆ ದಿನಕ್ಕೆಂದು ಒಂದು ಜೊತೆ ಹೊಸ ಬೂಟು ಇದೆ. ಮನೆಯಲ್ಲೇ ಸದ್ದಾದರೆ ಅದೇ ತುತ್ತೂರಿ ಎಂದುಕೊಂಡು ಎದ್ದುಬಿಟ್ಟಾಳು ಎಂದು ಎಲ್ಲರಿಗೂ ಭಯ.

ಅವಳ ನಾಲಿಗೆ ಮಾತ್ರ ಚೂರಿ. ಒಮ್ಮೆ ಅವಳ ತಲೆ ಬಾಚುತ್ತಿದ್ದೆ. "ಅತ್ತಿಗೆ, ಆ ಕಾಲದಲ್ಲಿ ಗಂಡ ಹೆಂಡ್ತಿ ಅಂತೆಲ್ಲ ಇರಲ್ಲ, ಗೊತ್ತಾ? ನೀನು ಅಣ್ಣನಿಗೆ ಯಾರೂ ಅಲ್ಲ. ನಾನಾದ್ರೆ ಆಗ್ಲೂ ತಂಗೀನೇ. ಅವನ ಜೊತೆ ನಡ್ಕೊಂಡು ಹೋಗ್ತೀನಿ," ಎಂದಳು.

"ಹೌದಾ ಮಹಾರಾಣಿ? ಅಲ್ಲೀವರೆಗಾದ್ರೂ ನನಗೆ ಬಿಟ್ಟುಕೊಡು," ಎಂದು ನಕ್ಕೆ.

ಸಂಜೆ ನನ್ನವನನ್ನು ಕೇಳಿದೆ, ಹಾಗೇನಿಲ್ಲ ಎನ್ನಲಿ ಎಂದು. "ಬರೆದಿರೋದು ಹಾಗೇ ಅಲ್ವಾ?" ಎಂದು ಮೇಲೆ ಹೋದ. ದಿನಾ ಕೆಲಸ ಮುಗಿದ ಮೇಲೆ ಒಂದು ಗಂಟೆ ತಂಗಿಗೆ ಬೈಬಲ್ ಓದಿ ಹೇಳುವುದು ಅವನ ರೂಢಿ. ನಾನು ಕೆಳಗೆ ಕೂತು ಅವರಿಬ್ಬರ ನಗು ಕೇಳುತ್ತೇನೆ.

ಹೋದ ವಾರ ನಮ್ಮ ಬೀದಿಯ ಗಡಿಯಾರ ರಿಪೇರಿಯ ಅಜ್ಜ, ಯೆಹೂದಿ, ಒಂದು ಟಗರಿನ ಕೊಂಬು ತಂದ. ಬಾಯಿಗಿಡುವ ತುದಿಯನ್ನು ನಯ ಮಾಡಿಸಬೇಕಿತ್ತು. "ನಮ್ಮ ಮೆಸ್ಸೀಯ ಬರುವಾಗ ಊದೋದು ಇಂಥದ್ದನ್ನೇ," ಎಂದ.

"ಬಂದು ಹೋದ ಕ್ರಿಸ್ತನನ್ನ ಬಿಟ್ಟು ಇನ್ನೂ ಕಾಯ್ತಾ ಕೂತಿದ್ದೀಯಲ್ಲಯ್ಯಾ!" ಎಂದರು ಮಾವ.

"ಬಂದಿದ್ರೆ ಲೋಕ ಹೀಗಿರ್ತಿತ್ತಾ? ಕತ್ತಿ ಇನ್ನೂ ನೇಗಿಲಾಗಿಲ್ಲ. ನಿನ್ನ ಮಗಳು ಇನ್ನೂ ಮಂಚದ ಮೇಲೇ ಇದ್ದಾಳೆ."

ಮಾವ ಸುತ್ತಿಗೆ ಎತ್ತಿಕೊಂಡರು.

ಗುರುವಾರ ಬೆಳಿಗ್ಗೆ ಗಂಡಸರು ತುತ್ತೂರಿ ಊದಿ ನೋಡಲು ಹೋಗಿದ್ದರು, ಅತ್ತೆ ಮಾರ್ಕೆಟ್ಟಿಗೆ. ನಾನು ಬೆಂಚಿನ ಮೇಲಿದ್ದ ಕೊಂಬನ್ನು ತಮಾಷೆಗೆ ಊದಿದೆ. ಮೊದಲು ಬರೀ ಗಾಳಿ. ಆಮೇಲೆ ಬಂತು ನೋಡು ಸದ್ದು! ಕಿಟಕಿಯ ಗಾಜು ನಡುಗಿತು. ಎರಡು ಬೀದಿ ಆಚೆಯ ತುತ್ತೂರಿಗಳನ್ನೆಲ್ಲ ನಾದಿನಿ ಹೆಸರು ಹಿಡಿದು ಗುರುತಿಸಬಲ್ಲಳು. ಇದು ಅವಳು ಹುಟ್ಟಿದಾಗಿನಿಂದ ಕೇಳದ ಸದ್ದು. ಬೂಟು ಹಾಕಿಕೊಂಡಳು, ಅಕ್ಕಾ. ಕಿಟಕಿಯ ಸರಳು ಹಿಡಿದು ಬರೀ ಕೈಬಲದಿಂದ ಎದ್ದು ನಿಂತಳು. ಆಮೇಲೆ ಸರಳು ಬಿಟ್ಟಳು.

ತೊಡೆಯ ಮೂಳೆ ಎರಡು ಕಡೆ ಮುರಿದಿದೆ. ಮೊದಲು ಮಂಚದಿಂದ ಕುರ್ಚಿಗೆ ತಾನೇ ಜರುಗುತ್ತಿದ್ದಳು. ಇನ್ನು ಅದೂ ಆಗದು ಎಂದರು ಡಾಕ್ಟರು. ಮಾವ ನನ್ನತ್ತ ತಿರುಗಿದಾಗ ನನ್ನವನು ಅಡ್ಡ ಬಂದು, "ಅವಳಿಗೇನು ಗೊತ್ತಪ್ಪಾ? ಊದಬಾರ್ದು ಅಂತ ಹೇಳೋಕೆ ನಾನೇ ಮರೆತಿದ್ದೆ," ಎಂದ. ಮಾವ ಅವನ ಕೆನ್ನೆಗೆ ಬಾರಿಸಿದರು. ಅತ್ತೆ ನನ್ನನ್ನು ತಬ್ಬಿಕೊಂಡು, "ಹೊಸ ಹುಡುಗಿ, ಪಾಪ," ಎಂದು ಅತ್ತರು.

ನಾದಿನಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಅಣ್ಣ ಓದಲು ಕೂತರೆ, "ಅದು ಬೇಡ. ಪೇಪರ್ ಓದು. ಹವಾಮಾನ ಓದು," ಎನ್ನುತ್ತಾಳೆ.

ಇರಲಿ ಅಕ್ಕ, ನಿನ್ನ ಮನಸ್ಸು ಕೆಡಿಸುವುದಿಲ್ಲ. ಚೆನ್ನಾಗಿ ತಿನ್ನು, ಭಾರ ಎತ್ತಬೇಡ. ಮಗು ಗಟ್ಟಿಮುಟ್ಟಾಗಿ ನಗುತ್ತಾ ಬರಲಿ, ನಿನ್ನ ಮನೆ ತಣ್ಣಗಿರಲಿ. ಭಾವನಿಗೆ ನಮಸ್ಕಾರ.

ನಿನ್ನ,
ಪುಟಾಣಿ

ತಾ.ಕ.: ಈ ಹಾಳೆಯನ್ನು ಭಾವನಿಗೆ ತೋರಿಸಬೇಡ. ನನ್ನವನು ಮರೆತಿರಲಿಲ್ಲ. ಮದುವೆಯ ಮರುದಿನವೇ ಊದಬಾರದೆಂದು ಹೇಳಿ, ಕೈ ಹಿಡಿದು ಪ್ರಾಮಿಸ್ ಮಾಡಿಸಿಕೊಂಡಿದ್ದ. ಆ ಏಟು ತಿಂದ ಮೇಲೆ ನನ್ನೊಡನೆ ಒಂದು ಮಾತೂ ಆಡಿಲ್ಲ. ಅವನಿಗೂ ಗೊತ್ತಿಲ್ಲದ್ದೊಂದಿದೆ. ಕೊಂಬು ಊದಿ ನಾನು ಮೆಟ್ಟಿಲು ಹತ್ತಿ ಹೋಗಿ ಅವಳ ಬಾಗಿಲಲ್ಲಿ ನಿಂತಿದ್ದೆ. ಅವಳು ಸರಳು ಹಿಡಿದು ನಡುಗುತ್ತ, ಬೀದಿಯ ಕಡೆ ನೋಡದೆ ನನ್ನ ಮುಖವನ್ನೇ ನೋಡಿ, "ಅತ್ತಿಗೆ, ಬಂದ್ನಾ?" ಎಂದು ಕೇಳಿದಳು.

"ಬಂದ. ಕೈ ಬಿಡು," ಎಂದೆ.