ನಿಮ್ಮ ಭಾಷೆ ಬರಲ್ಲ

ಅಪ್ಪಾ,

ಇದನ್ನು ಅಮ್ಮನಿಗೆ ಹೇಳಲಾರೆ, ಅದಕ್ಕೇ ನಿನಗೆ ಬರೀತಿದ್ದೇನೆ.

ಇವತ್ತು ನಮ್ಮೂರ ಬ್ಯೆಲಾಶ್ನಿತ್ಸ ಬೆಟ್ಟಕ್ಕೆ ಸ್ಕೀ ಮಾಡಲು ಹೋಗಿದ್ದೆ. ಫಸ್ಟ್ ಇಯರ್ ರಜೆಗೆ ಇಂಗ್ಲೆಂಡಿನ ಕಾಲೇಜಿನಿಂದ ಮನೆಗೆ ಬಂದಿದ್ದೇನೆ, ನನ್ನ ಜೊತೆ ರೂಮ್‌ಮೇಟ್ ಹ್ಯಾರಿಯೆಟ್ ಕೂಡ ಬಂದಿದ್ದಾಳೆ. ಒಲಿಂಪಿಕ್ಸಿಗೆಂದೇ ಕಟ್ಟಿದ ಸ್ಕೀ ರೆಸಾರ್ಟ್ ನಮ್ಮೂರಲ್ಲಿದೆ ಅಂತ ಹಾಸ್ಟೆಲಿನಲ್ಲಿ ಜಂಬ ಕೊಚ್ಚಿದ್ದೆ. ಯುದ್ಧದಲ್ಲಿ ಅಲ್ಲಿ ನೆಲಬಾಂಬ್ ಹೂತಿದ್ದರು, ಅವನ್ನು ತೆಗೆಯುವಾಗಲೇ ನೀನು ಹೋದೆ ಅನ್ನೋದನ್ನು ಮಾತ್ರ ಹೇಳಿರಲಿಲ್ಲ. ಅವಳ ಪಾಲಿಗೆ ನೀನು ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡವನು.

ಫೋಟೋ ಚೆನ್ನಾಗಿ ಬರುತ್ತೆ ಅಂತ ಅವಳು ಸ್ಕೀ ದಾರಿಯ ಅಂಚಿಗೆ ಕಟ್ಟಿದ್ದ ಹಗ್ಗ ದಾಟಿ ಕಾಡಿನ ಕಡೆ ಜಾರಿಕೊಂಡು ಹೋದಳು. ತಡೆಯಬೇಕಿತ್ತು. ಹೆದರುಪುಕ್ಕಲಿ ಅಂದಾಳು ಅಂತ ನಾನೂ ಹಿಂದೆಯೇ ಹೋದೆ.

"ಏಯ್, ತಲೆ ನೆಟ್ಟಗಿದೆಯೇನ್ರೇ? ಬಂದ ಜಾಡಲ್ಲೇ ವಾಪಸ್ ಬನ್ನಿ!" ಕೆಂಪು ಜಾಕೆಟ್ಟಿನ ಕಾವಲಿನವರೊಬ್ಬರು ನಮ್ಮ ಭಾಷೆಯಲ್ಲಿ ಕೂಗಿದರು.

ಬೈಗುಳ ತಪ್ಪಲಿ ಅಂತ ಇಂಗ್ಲಿಷಿನಲ್ಲಿ, "ಸಾರಿ, ನಿಮ್ಮ ಭಾಷೆ ಬರಲ್ಲ" ಅಂದುಬಿಟ್ಟೆ. ಹ್ಯಾರಿಯೆಟ್ ಕಿಸಕ್ಕನೆ ನಕ್ಕಳು.

ಅವರು ದನಿ ತಗ್ಗಿಸಿ, ಹರಕು ಇಂಗ್ಲಿಷಿನಲ್ಲಿ ಶುರುಮಾಡಿದರು. "ಅಲ್ಲಿ ಬಾಂಬ್. ಇನ್ನೂ ಇರಬಹುದು. ನನ್ನ ಗೆಳೆಯ ರುಸ್ಮಿರ್, ಬಾಂಬ್ ತೆಗೀತಿದ್ದ. ಸತ್ತ. ಒಳ್ಳೆಯವನು. ತುಂಬಾ ನಗಿಸ್ತಿದ್ದ."

ನಿನ್ನ ಹೆಸರು, ಅಪ್ಪಾ. ನಾನು ಸ್ಕೀ ಕನ್ನಡಕ ತೆಗೆಯಲಿಲ್ಲ. ನನ್ನ ಕಣ್ಣು ನಿನ್ನದೇ ಅಂತ ಎಲ್ಲರೂ ಅಂತಾರಲ್ಲ.

"ಥ್ಯಾಂಕ್ಯೂ" ಅಂದೆ. ತಿರುಗಿ ಹೊರಟವರು ತಮ್ಮಷ್ಟಕ್ಕೆ ನಮ್ಮ ಭಾಷೆಯಲ್ಲೇ ಗೊಣಗಿಕೊಂಡರು. "ಪಾಪ, ಯಾವ ದೇಶದ ಮಕ್ಕಳೋ. ಇವಕ್ಕೇನು ಗೊತ್ತು."

"ಏನಂದ್ರು ಅವರು? ಬೈದ್ರಾ?" ಹ್ಯಾರಿಯೆಟ್ ಕೇಳಿದಳು.

"ಇಲ್ಲ ಕಣೇ, ಬೈಲಿಲ್ಲ" ಅಂದೆ.